ಹೊಸ ಸಿಮೇಕ್ ತರುವ ಮುನ್ನ

ಹಗಲು ಲೆಕ್ಕದ ಮೇಜು, ಸಂಜೆ ಅಮೀರ್‌ಪೇಟೆಯ ತರಗತಿ. ಹೀಗೆ ದುಡಿಯುತ್ತಲೇ ಕಂಪ್ಯೂಟರಿನ ಕೆಲಸ ಕಲಿಯುವ ಬಂಧುಗಳು ನಮ್ಮ ವಾಚನಾಲಯದಲ್ಲಿ ಅನೇಕರು. ಲಿನಕ್ಸ್‌ನಲ್ಲಿ ತಂತ್ರಾಂಶ ಕಟ್ಟಲು ಹೊರಟಾಗ ‘ಸಿಮೇಕ್ 3.25 ಅಥವಾ ಮೇಲಿನದು ಬೇಕು’ ಎಂಬ ಉತ್ತರ ಬಂದು ಕೆಲಸ ನಿಲ್ಲುವುದುಂಟು. ಸಾಲ ಮಾಡಿ ಕೊಂಡ ಯಂತ್ರವೊಂದೇ ಇರುವವರಿಗೆ ಅವಸರದ ದುರಸ್ತಿ ದುಬಾರಿಯಾದೀತು. ಆದುದರಿಂದ ಈ ನಾಲ್ಕು ಮಾತು.

ತಂತ್ರಾಂಶದ ನೂರಾರು ಕಡತಗಳಲ್ಲಿ ಯಾವುದು ಬದಲಾಗಿದೆಯೆಂದು ನೋಡಿ, ಅಷ್ಟನ್ನೇ ಮತ್ತೆ ಕಟ್ಟಿಸುವ ಮೇಸ್ತ್ರಿ ‘ಮೇಕ್’. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ರಚಿಸಿದರು. ಆ ಮೇಸ್ತ್ರಿಗೆ ಕೆಲಸದ ಪಟ್ಟಿ ಬರೆದುಕೊಡುವ ಗುಮಾಸ್ತನೇ ಸಿಮೇಕ್. 2000ದಲ್ಲಿ ಕಿಟ್‌ವೇರ್ ಸಂಸ್ಥೆಯಿಂದ ಹೊರಬಂದಿತು.

ಉಬುಂಟು 22.04ರ ಉಗ್ರಾಣದಲ್ಲಿರುವುದು ಸಿಮೇಕ್ 3.22. ಉಬುಂಟುವಿನವರು ಭಾಗಗಳನ್ನೆಲ್ಲ ಒಂದಕ್ಕೊಂದು ಹೊಂದಿಸಿ ಅಲ್ಲಿಗೇ ನಿಲ್ಲಿಸುತ್ತಾರೆ. ತಿದ್ದುಪಡಿ ಬರುತ್ತದೆಯೇ ಹೊರತು ಹೊಸ ಆವೃತ್ತಿ ಸಾಮಾನ್ಯವಾಗಿ ಬಾರದು. ಎಷ್ಟು ಸಲ ‘ಆಪ್ಟ್ ಅಪ್‌ಗ್ರೇಡ್’ ಎಂದರೂ 3.22 ಅಲ್ಲಿಯೇ ಇರುತ್ತದೆ.

ಆಗ ಹಳೆಯದನ್ನು ಕಿತ್ತುಹಾಕುವ ಮನಸ್ಸಾಗುವುದು ಸಹಜ. ಹಾಗೆ ಮಾಡಬಾರದು. ಅದನ್ನು ನೆಚ್ಚಿಕೊಂಡಿರುವ ಬೇರೆ ತಂತ್ರಾಂಶಗಳನ್ನೂ, ರೋಬೋಟ್ ಕೆಲಸದ ‘ರಾಸ್’ ಇದ್ದರೆ ಅದನ್ನೂ, ಆಪ್ಟ್ ಜೊತೆಯಲ್ಲೇ ತೆಗೆಯಹೊರಡುತ್ತದೆ. ಮಿಲ್ಲಿನಲ್ಲಿ ಹೊಸ ಯಂತ್ರ ಓಡಿ ನಂಬಿಕೆ ಬರುವ ತನಕ ಹಳೆಯದರ ಬೆಲ್ಟು ಬಿಚ್ಚುವುದಿಲ್ಲವಷ್ಟೆ?

ಸರಿಯಾದ ಕ್ರಮ ಹೀಗಿದೆ:

1. ‘ಸಿಮೇಕ್ --ವರ್ಷನ್’ ಎಂಬ ಆಜ್ಞೆ ಕೊಟ್ಟು, ಈಗ ಇರುವ ಆವೃತ್ತಿಯನ್ನು ಬರೆದಿಟ್ಟುಕೊಳ್ಳಿ.

2. ಕಿಟ್‌ವೇರಿನವರು ಕೊಡುವ ಸಿದ್ಧ ಗಂಟನ್ನು ತಂದು ನಿಮ್ಮ ‘ಹೋಮ್’ ಫೋಲ್ಡರಿನಲ್ಲಿ ಬಿಚ್ಚಿ. ಇದಕ್ಕೆ ‘ಸುಡೋ’ ಅಧಿಕಾರ ಬೇಕಿಲ್ಲ.

3. ಅದರೊಳಗಿನ ‘ಬಿನ್’ ಫೋಲ್ಡರಿನ ವಿಳಾಸವನ್ನು ‘ಪಾತ್’ ಸಾಲಿನ ಮೊದಲಿಗೆ ಸೇರಿಸಿ, ಹೊಸ ಟರ್ಮಿನಲ್ ತೆರೆಯಿರಿ. ಈಗ ಕರೆದರೆ ಹೊಸದು ಓಗೊಡುತ್ತದೆ. ಆ ವಿಳಾಸ ಅಳಿಸಿದರೆ ಹಳೆಯದೇ ಮರಳುತ್ತದೆ.

4. ಹಿಂದಿನ ‘ಬಿಲ್ಡ್’ ಫೋಲ್ಡರಿನಲ್ಲಿ ಹಳೆಯ ಲೆಕ್ಕ ಉಳಿದಿರುತ್ತದೆ. ಬೇರೆ ಖಾಲಿ ಫೋಲ್ಡರಿನಲ್ಲಿ ಕಟ್ಟಿರಿ.

ಹೊಸದೆಲ್ಲ ಮೇಲೆಂದೂ ತಿಳಿಯಬೇಡಿ. 2025ರಲ್ಲಿ ಬಂದ ಸಿಮೇಕ್ 4.0, 3.5ಕ್ಕಿಂತ ಹಿಂದಿನ ನಿಯಮಗಳೊಡನೆ ಹೊಂದಾಣಿಕೆಯನ್ನು ಕೈಬಿಟ್ಟಿತು. ಇದರಿಂದ ಹಿಂದೆ ಓಡುತ್ತಿದ್ದ ಎಷ್ಟೋ ಹಳೆಯ ಯೋಜನೆಗಳು ನಿಂತವು. 3.25 ಕೇಳಿದ್ದರೆ ಮೂರರ ಸಾಲಿನಲ್ಲೇ ಅದಕ್ಕೆ ಸಾಲುವಷ್ಟು ಮೇಲಿನದನ್ನು ತರುವುದು ಜಾಣತನ.

ತೊಡಕಿದ್ದವರು ಪರದೆಯ ಮೇಲೆ ಬಂದ ಮಾತನ್ನು ಒಂದಕ್ಷರವೂ ಬಿಡದೆ ಬರೆದು ವಾಚನಾಲಯಕ್ಕೆ ತರಬೇಕಾಗಿ ಕೋರುತ್ತೇವೆ. ಕಲಿತವರು ಕಲಿಯುವವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತರೆ ಒಬ್ಬರ ತಿಂಗಳ ಶ್ರಮ ಉಳಿದೀತು.