ಲೈನುಮನೆಯ ಇಕ್ಕಟ್ಟು

ಯಸಳೂರು ಹೋಬಳಿಯ ಕಾಫಿ ಸೀಮೆಯಲ್ಲಿ ಕಿರುಮನೆಯೆಂದರೆ ತೋಟದ ಕೂಲಿಗಾರರ ಲೈನುಮನೆ. ಒಂದೇ ಸೂರಿನಡಿ ನಡುಗೋಡೆಗಳಿಂದ ವಿಂಗಡವಾದ ಈ ಮನೆಗಳ ವಿಸ್ತಾರವನ್ನಷ್ಟೇ ಅಳೆದರೆ ಸಾಲದೆಂದು ನಾವು ಭಾವಿಸುತ್ತೇವೆ. ಮುಂಗಾರಿನಲ್ಲಿ ಅಡುಗೆ, ನಿದ್ರೆ, ಮಕ್ಕಳ ಓದು, ಒದ್ದೆ ಕಂಬಳಿಯನ್ನು ಆರಿಸುವುದು ಎಲ್ಲವೂ ಒಳಗೇ ನಡೆಯಬೇಕು. ಒಲೆಯ ಮೇಲಣ ಅಟ್ಟದಲ್ಲಿ ಸೌದೆ ಒಣಗುವುದು ನಿಜ. ಆದರೆ ಹೊಗೆಗೆ ದಾರಿಯಿಲ್ಲದಿದ್ದರೆ ಅದೇ ಒಲೆ ಉಸಿರಿಗೆ ಕೇಡು. ಆದುದರಿಂದ ಕೋಣೆಯನ್ನು ಹಿಗ್ಗಿಸಲಾಗದೆಡೆ ಹೊಗೆ ಹೋಗಲು ಗವಾಕ್ಷಿಯೂ ಕಂಬಳಿ ಆರಲು ಅಗಲವಾದ ಜಗಲಿಯೂ ಮೊದಲು ಬೇಕು.

1951ರ ತೋಟ ಕಾರ್ಮಿಕರ ಅಧಿನಿಯಮವು ವಸತಿಯ ಹೊಣೆಯನ್ನು ದೊಡ್ಡ ತೋಟಗಳ ಮಾಲೀಕರ ಮೇಲೆ ಹೊರಿಸಿತು. ಸೂರು ದೊರೆಯಿತಾದರೂ, ಕೆಲಸ ಹೋದರೆ ಮನೆಯೂ ಹೋಗುವುದೆಂಬ ಅಂಜಿಕೆ ಉಳಿಯಿತು. ತನ್ನದಲ್ಲದ ಗೋಡೆಗೆ ಗವಾಕ್ಷಿ ಕೊರೆಯಲು ಯಾರು ಮುಂದಾದಾರು? ಸ್ಥಳದ ಕೊರತೆಗಿಂತ ಈ ಅನಿಶ್ಚಯವೇ ಹಿರಿದಾದ ಇಕ್ಕಟ್ಟೆಂಬುದು ನಮ್ಮ ಅಭಿಪ್ರಾಯ.