ಅಂಗಡಿ ಕಂಪ್ಯೂಟರ್‌ಗೆ ಎಸ್‌ಎಸ್‌ಡಿ ಹಾಕಿಸ್ತೀರಾ? ಹಳೇ ಲೆಕ್ಕ ಅಳಿಸಿ ಹೋಗದಂತೆ ನೋಡ್ಕೊಳ್ಳಿ

ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಕಂಪ್ಯೂಟರ್ ಆನ್ ಮಾಡಿ, ಟೀ ಕುಡಿದು ಬಂದರೂ ವಿಂಡೋಸ್ ಇನ್ನೂ ಓಪನ್ ಆಗಿರಲ್ಲ. ಗಿರಾಕಿ ಬಿಲ್‌ಗೆ ಕಾಯ್ತಾ ನಿಂತಿರ್ತಾರೆ. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಇದಕ್ಕೆ ಹೆಚ್ಚಾಗಿ ಹಾರ್ಡ್ ಡಿಸ್ಕೇ ಕಾರಣ. ಅದರೊಳಗೆ ತಟ್ಟೆ ತಿರುಗಿ ಫೈಲ್ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 150 ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ 500 ಎಂಬಿಯಷ್ಟು ಓದುತ್ತೆ.

ಎಸ್‌ಎಸ್‌ಡಿ ಜೋಡಿಸೋದು ಕಷ್ಟ ಅಲ್ಲ. ಎಚ್ಚರ ಬೇಕಿರೋದು ಹಳೇ ಡೇಟಾ ವಿಷಯದಲ್ಲಿ.

ಮೊದಲು ಬ್ಯಾಕಪ್

'ಎಲ್ಲಾ ಡಿ ಡ್ರೈವ್‌ನಲ್ಲಿದೆ, ಏನೂ ಆಗಲ್ಲ' ಅಂತ ಹಲವರು ನಂಬಿರ್ತಾರೆ. ಆದರೆ ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗ. ವಿಂಡೋಸ್ ಹಾಕುವಾಗ ತಪ್ಪಿ ಇಡೀ ಡಿಸ್ಕ್ ಅಳಿಸಿದರೆ ಎರಡೂ ಹೋಗುತ್ತೆ. ಟ್ಯಾಲಿ ಡೇಟಾ, ಜಿಎಸ್‌ಟಿ ಬಿಲ್, ನುಡಿಯಲ್ಲಿ ಟೈಪ್ ಮಾಡಿದ ಫೈಲ್, ಡೆಸ್ಕ್‌ಟಾಪ್ ಮೇಲಿರೋ ಫೋಲ್ಡರ್ ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ. ಕಾಪಿ ಆದದ್ದನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ.

ಎರಡೇ ಕೇಬಲ್

ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಲೋಹದ ಭಾಗ ಮುಟ್ಟಿ. ಮೈಮೇಲಿನ ಸ್ಟ್ಯಾಟಿಕ್ ಕರೆಂಟ್ ಇಳಿಯುತ್ತೆ. 2.5 ಇಂಚಿನ ಎಸ್‌ಎಸ್‌ಡಿಗೆ ಎರಡು ಕೇಬಲ್: ಮದರ್‌ಬೋರ್ಡ್‌ನಿಂದ ಬರೋ ಚಿಕ್ಕ ಡೇಟಾ ಕೇಬಲ್, ಎಸ್‌ಎಂಪಿಎಸ್‌ನಿಂದ ಬರೋ ಅಗಲದ ಪವರ್ ಕೇಬಲ್. ಎರಡರ ಬಾಯಿಯೂ 'ಎಲ್' ಆಕಾರ, ಒಂದೇ ದಿಕ್ಕಿನಲ್ಲಿ ಕೂರುತ್ತೆ. ಬಲವಂತ ಮಾಡಿದರೆ ಪಿನ್ ಮುರಿಯುತ್ತೆ. ಎಂ.2 ಎಸ್‌ಎಸ್‌ಡಿ ತರೋ ಮುಂಚೆ ಬೋರ್ಡ್‌ನಲ್ಲಿ ಅದಕ್ಕೆ ಹೊಂದುವ ಸ್ಲಾಟ್ ಇದೆಯಾ ಕೇಳಿ.

ಹಳೇ ಡಿಸ್ಕಿನ ಕೇಬಲ್ ಬಿಚ್ಚಿ

ವಿಂಡೋಸ್ ಹಾಕುವಾಗ ಹಳೇ ಡಿಸ್ಕಿನ ಎರಡೂ ಕೇಬಲ್ ಬಿಚ್ಚಿಡಿ. ಆಗ ಪರದೆಯಲ್ಲಿ ಹೊಸ ಎಸ್‌ಎಸ್‌ಡಿ ಒಂದೇ ಕಾಣುತ್ತೆ. ತಪ್ಪು ಡಿಸ್ಕ್ ಫಾರ್ಮ್ಯಾಟ್ ಆಗೋ ಪ್ರಶ್ನೆಯೇ ಬರಲ್ಲ.

ಕೆಲಸ ಮುಗಿದ ಮೇಲೆ ಕಂಪ್ಯೂಟರ್ ಆಫ್ ಮಾಡಿ, ಹಳೇ ಡಿಸ್ಕ್ ಮತ್ತೆ ಜೋಡಿಸಿ. ಹಳೇ ವಿಂಡೋಸೇ ತೆರೆದುಕೊಂಡರೆ ಬಯೋಸ್‌ನಲ್ಲಿ ಬೂಟ್ ಕ್ರಮ ಬದಲಿಸಿ ಎಸ್‌ಎಸ್‌ಡಿಯನ್ನು ಮೊದಲಿಗೆ ತನ್ನಿ. ಹಳೇ ಡಿಸ್ಕ್ ತೆರೆಯುವಾಗ ಫಾರ್ಮ್ಯಾಟ್ ಮಾಡಬೇಕಾ ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಬಿಲ್ ಪ್ರಿಂಟರ್‌ನ ಡ್ರೈವರ್ ಹೊಸದಾಗಿ ಹಾಕಬೇಕಾಗುತ್ತೆ.

ರಿಪೇರಿ ಅಂಗಡಿಗೆ ಕೊಡೋದಾದರೆ 'ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ' ಅಂತ ಚೀಟಿ ಬರೆದು ಕ್ಯಾಬಿನೆಟ್ ಮೇಲೆ ಅಂಟಿಸಿ. ಬ್ಯಾಕಪ್ ಡಿಸ್ಕ್ ಮಾತ್ರ ಮನೆಯಲ್ಲೇ ಇರಲಿ. ವರ್ಷಗಳ ಉದ್ರಿ ಲೆಕ್ಕ ಒಮ್ಮೆ ಅಳಿಸಿ ಹೋದರೆ, ಯಾರು ಎಷ್ಟು ಕೊಡಬೇಕು ಅಂತ ಮತ್ತೆ ನೆನಪು ಮಾಡ್ಕೊಂಡು ಬರೆಯೋಕಾಗಲ್ಲ.