ಗೆರೆಯ ಆಚೆ ಯಳಂದೂರು, ಈಚೆ ಕೊಳ್ಳೇಗಾಲ

1911ರ ಅಕ್ಟೋಬರ್ 10ರಂದು ಚೀನಾದ ವುಚಾಂಗ್‌ನಲ್ಲಿ ಸಿಪಾಯಿಗಳು ದಂಗೆ ಎದ್ದರು. ಓದುಗರಿಗೆ ಆ ಹೆಸರು ಹೊಸದು; ಪತ್ರಿಕೆಗಳು ನಕ್ಷೆ ಬರೆಸಲೇಬೇಕಾಯಿತು. ಯಾಂಗ್‌ಟ್ಸೆ ನದಿ, ಈ ದಡದಲ್ಲಿ ವುಚಾಂಗ್, ಎದುರು ದಡದಲ್ಲಿ ಹ್ಯಾಂಕೌ, ಅಲ್ಲಿಂದ ಬೀಜಿಂಗಿಗೆ ಏರುವ ರೈಲು ಹಾದಿ. ಇಷ್ಟಿದ್ದರೆ ಸಾಕು, ದೊರೆಯ ದಂಡು ಎತ್ತಣಿಂದ ಇಳಿದೀತೆಂದು ಓದುಗನೇ ಹೇಳಬಹುದಿತ್ತು.

ಆಗಿನ ಒರಟು ಕಾಗದದಲ್ಲಿ ಫೋಟೊ ಅಚ್ಚಾದರೆ ಮುಖವೆಲ್ಲ ಮಸಿ. ಗೆರೆಯ ಚಿತ್ರ ಹಾಗಲ್ಲ. ಕಪ್ಪು ಶಾಯಿಯಲ್ಲಿ ಬರೆದದ್ದನ್ನು ಕ್ಯಾಮೆರಾ ಮೂಲಕ ಸತುವಿನ ತಗಡಿಗೆ ಇಳಿಸಿ ಆಮ್ಲಕ್ಕೆ ಹಾಕಿದರೆ ಉಳಿದದ್ದೆಲ್ಲ ಕರಗಿ ಗೆರೆಗಳಷ್ಟೇ ಉಬ್ಬಿ ನಿಲ್ಲುತ್ತಿದ್ದವು. ಅದೇ ಬ್ಲಾಕು. ಯುದ್ಧ ದಿನಕ್ಕೊಂದು ಊರು ದಾಟಬಹುದು, ಒಮ್ಮೆ ಕೊರೆದ ಬ್ಲಾಕು ದಾಟೀತೆ?

ಅದೇ ವರ್ಷ ನಮ್ಮ ಸೀಮೆಯ ನಕ್ಷೆ ಬರೆದಿದ್ದರೆ ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ ಒಂದು ದಪ್ಪ ಗೆರೆ ಎಳೆಯಬೇಕಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಹನೂರೂ ಅದರ ಜೊತೆಗೇ. ಯಳಂದೂರು ಮಾತ್ರ ಮೈಸೂರಿನೊಳಗೆ, 1807ರಿಂದ ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರು. ಇವತ್ತು ಬಸ್ಸು ಹತ್ತಿ ಕೂತು ಮಾತು ಶುರುಮಾಡುವಷ್ಟರಲ್ಲಿ ಬಂದುಬಿಡುವ ಊರು!

ಗೆರೆ ಕಂದಾಯಕ್ಕಷ್ಟೇ ಇದ್ದದ್ದಲ್ಲ. ಯಳಂದೂರಿನ ಕಡೆ ನಡೆಯುತ್ತಿದ್ದುದು ದಿವಾನ್ ವಿ.ಪಿ. ಮಾಧವರಾವ್ ಕಾಲದಲ್ಲಿ ಬಂದ 1908ರ ಮೈಸೂರು ಪತ್ರಿಕಾ ಶಾಸನ. ಪತ್ರಿಕೆ ಹೊರಡಿಸಲು ಸರ್ಕಾರದ ಅಪ್ಪಣೆ ಬೇಕು. ಕೊಟ್ಟ ಅಪ್ಪಣೆ ಕಿತ್ತುಕೊಳ್ಳುವುದೂ ಸರ್ಕಾರದ ಇಚ್ಛೆ. ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಕೊಳ್ಳೇಗಾಲ, ಹನೂರಿನ ಕಡೆ 1910ರ ಬ್ರಿಟಿಷ್ ಪತ್ರಿಕಾ ಕಾಯ್ದೆ: ಹೊಸ ಮುದ್ರಣಾಲಯ ತೆರೆಯುವವನು 500ರಿಂದ 2000 ರೂಪಾಯಿ ಠೇವಣಿ ಇಡಬೇಕು, ಬರೆದದ್ದು ಸರ್ಕಾರಕ್ಕೆ ಹಿಡಿಸದಿದ್ದರೆ ಅದು ಮುಟ್ಟುಗೋಲು. ಒಂದು ಕಡೆ ಬಾಯಿಗೆ ಬೀಗ, ಇನ್ನೊಂದು ಕಡೆ ಕಿಸೆಗೆ ಕತ್ತರಿ. ದೂರದ ಚೀನಾದ ಕ್ರಾಂತಿಗೆ ನಕ್ಷೆ ಹಾಕಬಹುದು. ಮನೆಯ ಅಸಮಾಧಾನಕ್ಕೆ ನಕ್ಷೆ ಬರೆಯುವ ಧೈರ್ಯ ಯಾರಿಗಿದ್ದೀತು? ಎರಡರಲ್ಲಿ ಯಾವುದು ವಾಸಿ ಎಂದು ಕೇಳಿದರೆ, ನನ್ನ ಮತ ಎರಡಕ್ಕೂ ಇಲ್ಲ.

ಚೀನಾದ ಸುದ್ದಿಯನ್ನು ಕೊಳ್ಳೇಗಾಲದವರು ಆಸೆಯಿಂದ ಓದಲು ಇನ್ನೊಂದು ಕಾರಣವೂ ಇತ್ತು ಅನ್ನಿಸುತ್ತದೆ. ಮದ್ರಾಸ್ ಪ್ರಾಂತ್ಯದಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಸಾಕುತ್ತಿದ್ದ ಮುಖ್ಯ ತಾಲ್ಲೂಕು ಇದೇ. ಚೀನಾ ಎಂದರೆ ರೇಷ್ಮೆಯ ದೊಡ್ಡಣ್ಣ.

1956ರ ನವೆಂಬರ್ 1ರಂದು ಗೆರೆ ಅಳಿಸಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಅದಕ್ಕಿಂತ ಹಿಂದಿನ ಪತ್ರಿಕೆ, ಹರಿದ ನಕ್ಷೆ ಅಜ್ಜನ ಟ್ರಂಕಿನ ತಳದಲ್ಲಿ ಹಾಸಿದ್ದರೆ ಗುಜರಿಗೆ ಹಾಕಬೇಡಿ. ಮೊದಲು ನಿಮ್ಮೂರು ಗೆರೆಯ ಯಾವ ಕಡೆಗಿದೆ ನೋಡಿ.